ಸುಬೇದಾರರಿಗೆ ಹೊಸ ಪ್ಲೇಟುಗಳು

ಭಾನುವಾರ ಬೆಳಗ್ಗೆ ಹತ್ತು ಗಂಟೆಯಾಯಿತೆಂದರೆ ನಮ್ಮ ಮನೆಯ ನೆಲ ಮೂರು ಸಲ ‘ಡಬ್, ಡಬ್, ಡಬ್’ ಎನ್ನುತ್ತದೆ. ಮಡಿಕೇರಿಯಲ್ಲಿ ನಾವು ಬಾಡಿಗೆಗಿರುವುದು ಮಹಡಿಯ ಮೇಲೆ. ಕೆಳಗಡೆ ಇರುವವರು ಮನೆಯ ಯಜಮಾನರಾದ ಸುಬೇದಾರರು. ಅವರು ತಮ್ಮ ಊರುಗೋಲನ್ನೆತ್ತಿ ಮರದ ಮುಚ್ಚಿಗೆಗೆ ಮೂರು ಸಲ ಕುಟ್ಟಿದರೆಂದರೆ ‘ಮೇಷ್ಟ್ರೇ, ಇಳಿದು ಬನ್ನಿ. ಈ ವಾರ ಹೊಸದೇನು ಬಂದಿದೆ?’ ಎಂದು ಅರ್ಥ. ಹೊಸದು ಎಂದರೆ ಕಾಫಿಯ ಧಾರಣೆಯಲ್ಲ, ಕರಿಮೆಣಸಿನ ಧಾರಣೆಯಲ್ಲ, ಆನೆ ಯಾರ ತೋಟಕ್ಕೆ ನುಗ್ಗಿತೆಂಬ ಸುದ್ದಿಯೂ ಅಲ್ಲ. ಜಾಝ್, ರಾಕ್, ಬ್ಲೂಸ್ ಎಂಬ ಮೂರು ಬಗೆಯ ಸಂಗೀತದಲ್ಲಿ ಯಾವ ಹೊಸ ಪ್ಲೇಟು ಹೊರಬಿದ್ದಿದೆ, ಅದರಲ್ಲಿ ಕೇಳತಕ್ಕದ್ದು ಏನಿದೆ ಎಂಬುದನ್ನು ನಾನು ಅವರಿಗೆ ವರದಿಮಾಡಬೇಕು. ಈಗ ಪ್ಲೇಟು ಎಲ್ಲಿದೆ, ಎಲ್ಲವೂ ಫೋನಿನೊಳಗೆ ಇಳಿದುಬಿಟ್ಟಿದೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಸುಬೇದಾರರಿಗೆ ಅದು ಈಗಲೂ ಪ್ಲೇಟೇ.

ಹೇಳಿಕೇಳಿ ನಾನು ಕನ್ನಡದ ಮೇಷ್ಟ್ರು. ಇಪ್ಪತ್ತು ವರ್ಷಗಳಿಂದ ಪಂಪ, ಹರಿಹರ, ರಾಘವಾಂಕರನ್ನು ಹುಡುಗರ ಕಿವಿಗೆ ಹಾಕುತ್ತ ಬಂದವನು. ಇಂಥವನಿಗೂ ಅಮೆರಿಕದ ಕರಿಯರ ಗಿಟಾರಿಗೂ ಯಾವ ಜನ್ಮದ ನಂಟು? ಮೂರು ವರ್ಷದ ಕೆಳಗೆ ನನ್ನನ್ನು ಕೇಳಿದ್ದರೆ, ಆ ಸಂಗೀತವೆಲ್ಲ ಆಷಾಢದ ಮಳೆ ತಗಡಿನ ಮಾಡಿಗೆ ಹೊಡೆಯುವ ಹಾಗಿರುತ್ತದೆ, ಮಳೆಗಾದರೆ ಒಂದು ಉಪಯೋಗವುಂಟು ಎಂದುಬಿಡುತ್ತಿದ್ದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಾಗೆ ಹೇಳಿ ನಗಿಸಿಯೂ ಇದ್ದೇನೆ.

ಸುಬೇದಾರರ ವಿಷಯ ಹೇಳಬೇಕು. ಅವರಿಗೀಗ ಎಂಬತ್ತೆರಡು. ಕೊಡಗಿನಲ್ಲಿ ಸೇನೆಗೆ ಹೋಗಿ ಬಂದವರ ಮನೆಯಲ್ಲಿ ಕೋವಿಯನ್ನೋ ಪದಕವನ್ನೋ ಗೋಡೆಗೆ ತೂಗುಹಾಕಿರುವುದು ವಾಡಿಕೆ; ಇವರ ಗೋಡೆಯಲ್ಲಿ ತೂಗುವುದು ಒಂದು ಕ್ಲಾರಿನೆಟ್. ಸೇನೆಯ ಬ್ಯಾಂಡಿನಲ್ಲಿ ಅದನ್ನೇ ನುಡಿಸಿ ಪಿಂಚಣಿ ಪಡೆದವರು. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೇನೆಯವರ ಸಂಗೀತ ಶಾಲೆಯಿದೆ. ಸ್ವರಲಿಪಿ ಓದುವುದನ್ನು ಕಲಿತದ್ದು ಅಲ್ಲಿ. ಜಾಝ್ ಕಲಿತದ್ದು ಮಾತ್ರ ಬ್ಯಾರಕ್ಕಿನ ರೇಡಿಯೋದಿಂದ. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕಾನೊವರ್ ಎಂಬಾತ 1955ರಿಂದ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದ. 1996ರಲ್ಲಿ ಸಾಯುವತನಕ ನಡೆಸಿದ. ಆತನ ಗುಟ್ಟು ಏನೆಂದರೆ, ಇಂಗ್ಲಿಷು ಅಷ್ಟಕ್ಕಷ್ಟೇ ಬರುವವರಿಗಾಗಿ ಪದಪದವನ್ನೂ ಬಿಡಿಸಿ, ಮೆಲ್ಲಗೆ, ಗಂಭೀರವಾಗಿ ಮಾತಾಡುತ್ತಿದ್ದದ್ದು. ಆ ನಿಲಯದ ಪ್ರಸಾರ ಪರದೇಶಗಳಿಗೆ ಮಾತ್ರ ಮೀಸಲಾಗಿದ್ದರಿಂದ ಸ್ವಂತ ದೇಶದಲ್ಲಿ ಆತನನ್ನು ಬಲ್ಲವರು ಕಡಿಮೆ. ಹಿಮಾಲಯದ ತಪ್ಪಲಿನ ಒಂದು ಡೇರೆಯಲ್ಲಿ ಕೊಡಗಿನ ಹುಡುಗನೊಬ್ಬ ಆತನನ್ನು ಗುರುವೆಂದು ತಿಳಿದಿದ್ದ. ಅಲ್ಲಿ ಕೇಳಿದ ಹೆಸರುಗಳನ್ನು ಹಿಡಿದುಕೊಂಡು, ರಜೆಯಲ್ಲಿ ಊರಿಗೆ ಬರುವಾಗ ದಾರಿಯ ದೊಡ್ಡ ಪಟ್ಟಣಗಳಲ್ಲಿಳಿದು ಹುಡುಕಿ ಕೊಂಡ ಪ್ಲೇಟುಗಳು ಈಗಲೂ ಎರಡು ಕಪ್ಪು ಟ್ರಂಕುಗಳ ತುಂಬ ಇವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಲೆಯ ಪಕ್ಕದ ಕೋಣೆಯಲ್ಲಿಟ್ಟು ಅವುಗಳನ್ನು ಸಾಕಿದ್ದಾರೆ.

ಇಷ್ಟೆಲ್ಲ ಇದ್ದು ನನ್ನ ಹಂಗೇಕೆ? ಅವರ ಕಿವಿ ಹೋಗುತ್ತಿದೆ.

ಪೂರ್ತಿ ಹೋಗಿದ್ದರೆ ಒಂದು ಬಗೆ. ಮುಪ್ಪಿನ ಕಿವುಡು ಮೆಟ್ಟಿಲಿಳಿಯುವ ಹಾಗೆ ಮೇಲಿನಿಂದ ಕೆಳಕ್ಕೆ ಬರುತ್ತದಂತೆ. ಒಳಗಿವಿಯ ಶಂಖದಲ್ಲಿ ಕೂದಲಿನಂಥ ಸೂಕ್ಷ್ಮ ಕಣಗಳಿವೆ. ಏರುಶ್ರುತಿಯನ್ನು ಹಿಡಿಯುವವು ಶಂಖದ ಬಾಗಿಲಲ್ಲಿ, ಮಂದ್ರವನ್ನು ಹಿಡಿಯುವವು ಒಳತುದಿಯಲ್ಲಿ. ಮೊದಲು ಸವೆಯುವವು ಬಾಗಿಲಲ್ಲಿರುವವೇ. ಹೀಗಾಗಿ ಸುಬೇದಾರರಿಗೆ ಡ್ರಮ್ಮು ಕೇಳುತ್ತದೆ, ದಪ್ಪ ತಂತಿಯ ಬೇಸ್ ಕೇಳುತ್ತದೆ. ತಾಳದ ತಟ್ಟೆಯ ‘ಛಿಸ್’ ಕೇಳುವುದಿಲ್ಲ. ತಾವು ನುಡಿಸುತ್ತಿದ್ದ ಕ್ಲಾರಿನೆಟ್ಟಿನ ಮೇಲಿನ ಸ್ಥಾಯಿ ಕೇಳಿಸುವುದಿಲ್ಲ. ಮಾತಿನಲ್ಲಿಯೂ ಅಷ್ಟೆ: ಸ್ವರಗಳು ಬರುತ್ತವೆ, ಸಕಾರ ಶಕಾರಗಳು ಬರುವುದಿಲ್ಲ. ಒಮ್ಮೆ ನನ್ನಾಕೆ ಮೆಟ್ಟಿಲ ಮೇಲಿಂದ “ಸಾರು ಕಳಿಸಲೇ?” ಎಂದು ಕೂಗಿದಳು. ಅವರಿಗೆ ಕೇಳಿದ್ದು “ಆರು”. “ಆರು ಯಾಕಮ್ಮ? ನಾನೊಬ್ಬ, ಒಂದು ಸಾಕು” ಎಂದರು. ಮೈಸೂರಿನಲ್ಲಿರುವ ಮಗಳು ಕಿವಿಗೆ ಯಂತ್ರ ಮಾಡಿಸಿಕೊಟ್ಟಿದ್ದಾಳೆ. ಅದು ಮಾತಿಗೆಂದು ಮಾಡಿದ ಯಂತ್ರ. ಸಂಗೀತ ಅದರೊಳಗೆ ಹೊಕ್ಕರೆ ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗಾಗುತ್ತದೆಂದು ಪ್ಲೇಟು ಹಾಕುವಾಗ ಅದನ್ನು ಕಿತ್ತು ಮೇಜಿನ ಮೇಲಿಡುತ್ತಾರೆ.

ಹಳೆಯ ಪ್ಲೇಟುಗಳಿಗೆ ಕಿವಿಯ ಅಗತ್ಯವೇ ಇಲ್ಲ. ಅವು ತಲೆಯೊಳಗೆ ಇವೆ. ಕೇಳಿಸದ ಭಾಗವನ್ನು ನೆನಪು ತುಂಬಿಕೊಡುತ್ತದೆ. ಹೊಸದಕ್ಕೆ ನೆನಪು ಎಲ್ಲಿಂದ ಬರಬೇಕು? ಆದ್ದರಿಂದ ಮೂರು ವರ್ಷದ ಕೆಳಗೆ, ಒಂದು ಮಳೆಗಾಲದ ಸಂಜೆ, ಬಾಡಿಗೆ ಕೊಡಲು ಹೋದವನನ್ನು ಕೂರಿಸಿಕೊಂಡು, “ಮೇಷ್ಟ್ರೇ, ನೀವು ವಿವರಿಸೋ ಕೆಲಸದವರು. ಕೇಳಿ, ನನಗೆ ವಿವರಿಸಿ” ಎಂದರು. ಬಾಡಿಗೆ ಏರಿಸುವ ಮಾತಿಗೆ ಸಿದ್ಧನಾಗಿ ಹೋಗಿದ್ದ ನಾನು ಸಂತೋಷದಿಂದ ಒಪ್ಪಿಕೊಂಡೆ.

ಮೊದಲ ಭಾನುವಾರದ ನನ್ನ ಪ್ರತಾಪವನ್ನು ಮುಚ್ಚಿಡುವುದಿಲ್ಲ. ಯಾವುದೋ ಪ್ಲೇಟಿನ ಮೇಲೆ ಇಂಗ್ಲಿಷು ಪತ್ರಿಕೆಯೊಂದರ ವಿಮರ್ಶೆ ಸಿಕ್ಕಿತು. ಪ್ಲೇಟನ್ನು ಎರಡು ನಿಮಿಷ ಕೇಳಿ ನಿಲ್ಲಿಸಿದೆ. ವಿಮರ್ಶೆಯನ್ನು ಮಾತ್ರ ಎರಡು ಸಲ ಓದಿದೆ. ಕೆಳಗಿಳಿದು, “ಇದರಲ್ಲಿ ಒಂದು ಅಂತರ್ಮುಖತೆ ಇದೆ, ಸುಬೇದಾರರೆ. ಧ್ವನಿಗಳ ಒಂದು ಭೂದೃಶ್ಯ. ಮೌನದ ಅಂಚಿನಲ್ಲಿ ನಡೆದಂತೆ...” ಎಂದು ಪ್ರಾರಂಭಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಮೂರು ಪ್ರಶ್ನೆ ಹಾಕಿದರು. ಎಷ್ಟು ಜನ ನುಡಿಸುತ್ತಾರೆ? ಮೊದಲು ಯಾರು ಬಿಡುತ್ತಾರೆ? ಡ್ರಮ್ಮಿನವನು ಕಡ್ಡಿಯಲ್ಲಿ ಹೊಡೆಯುತ್ತಾನೋ ಬ್ರಷ್ಷಿನಲ್ಲಿ ಸವರುತ್ತಾನೋ? ನಾನು ಮಿಕಮಿಕ ನೋಡಿದೆ.

“ಮೇಷ್ಟ್ರೇ, ನೀವು ಇದನ್ನ ಕೇಳಿಲ್ಲ. ಓದಿದ್ದೀರಿ.”

ಮೆಟ್ಟಿಲು ಹತ್ತುವಾಗ ಕೆನ್ನೆ ಬಿಸಿಯಾಗಿತ್ತು. ಅದಕ್ಕಿಂತಲೂ ಇರಿಸುಮುರಿಸಿನ ಸಂಗತಿ ಇನ್ನೊಂದು. ಮರುದಿನ ತರಗತಿಯಲ್ಲಿ ರಾಘವಾಂಕನ ಒಂದು ಷಟ್ಪದಿಯ ‘ಓಜಸ್ಸಿ’ನ ಬಗ್ಗೆ ಮಾತಾಡುತ್ತಿದ್ದಾಗ, ಈ ಪದ್ಯವನ್ನು ನಾನು ಗಟ್ಟಿಯಾಗಿ ಬಾಯಿಬಿಟ್ಟು ಓದಿ ಎಷ್ಟು ವರ್ಷವಾಯಿತೆಂದು ಲೆಕ್ಕಹಾಕಿ, ಪಾಠವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಅಂದಿನಿಂದ ಶನಿವಾರ ರಾತ್ರಿ ನನಗೆ ಮನೆಪಾಠ. ಕಿವಿಗೆ ಸಿಕ್ಕಿಸಿಕೊಂಡು ಮೂರು ಸಲ ಕೇಳುತ್ತೇನೆ, ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಸುಬೇದಾರರು ಅಂಕ ಕೊಡುವುದು ಇಂಚಿನ ಲೆಕ್ಕದಲ್ಲಿ. ಕೊಡಗಿನಲ್ಲಿ ತೋಟವಿದ್ದವರು ಮಳೆಯನ್ನು ಇಂಚಿನಲ್ಲೂ ಸೆಂಟಿನಲ್ಲೂ ಅಳೆದು ಬರೆದಿಡುವುದುಂಟು, ಪರಸ್ಪರ ಕುಶಲ ಕೇಳುವ ಮೊದಲು “ನಿಮ್ಮಲ್ಲಿ ಎಷ್ಟು ಬಂತು?” ಎಂದು ಕೇಳುವುದುಂಟು. ಅದೇ ಧಾಟಿಯಲ್ಲಿ, “ಈ ಪ್ಲೇಟು ಎಷ್ಟು ಇಂಚು, ಮೇಷ್ಟ್ರೇ?” ಬರೀ ತುಂತುರು ಎಂದರೆ ಅಲ್ಲಿಗೆ ಬಿಟ್ಟರು. ಹೂಮಳೆ ಎಂದರೆ ಕುರ್ಚಿ ಹತ್ತಿರಕ್ಕೆಳೆದುಕೊಳ್ಳುತ್ತಾರೆ. ಮಾರ್ಚಿಯಲ್ಲಿ ಒಂದೇ ಒಂದು ಇಂಚು ಬಿದ್ದರೂ ಕಾಫಿ ಗಿಡ ಹೂ ಬಿಡುತ್ತದೆಯಲ್ಲ, ಆ ಮಳೆ.

ಭಾಷೆಯದೇ ದೊಡ್ಡ ತೊಡಕು. ಜಾಝಿನವರು ‘ಸ್ವಿಂಗ್’ ಎನ್ನುವುದನ್ನು ಕನ್ನಡದಲ್ಲಿ ಏನೆನ್ನೋಣ? ತೂಗು ಎಂದರೆ ತೊಟ್ಟಿಲಾಯಿತು, ಓಲು ಎಂದರೆ ಕುಡಿದವನ ನಡಿಗೆಯಾಯಿತು. ಒಂದು ಶನಿವಾರ ಬೆರಳಿನಿಂದ ಮೇಜು ತಟ್ಟುತ್ತ ಕುಳಿತಿದ್ದಾಗ ತಟ್ಟನೆ ಹೊಳೆಯಿತು. ಒಂದು ಎಣಿಕೆಯನ್ನು ಎರಡು ಸಮಭಾಗ ಮಾಡಿದರೆ ಮಾರ್ಚು. ಮೂರು ಭಾಗ ಮಾಡಿ ಎರಡನ್ನು ಮೊದಲ ಸ್ವರಕ್ಕೂ ಒಂದನ್ನು ಎರಡನೆಯದಕ್ಕೂ ಕೊಟ್ಟರೆ, ಹೆಚ್ಚುಕಡಿಮೆ, ಸ್ವಿಂಗ್. ಎರಡು ಮಾತ್ರೆ, ಒಂದು ಮಾತ್ರೆ. ಗುರು, ಲಘು, ಗುರು, ಲಘು. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿದ್ದೇನಲ್ಲ, ಅದೇ! ವೇಗ ಹೆಚ್ಚಿದಂತೆ ಗುರು ಕರಗಿ ಲಘುವಿನ ಕಡೆಗೆ ವಾಲುತ್ತದೆ. ನಮ್ಮ ಅಂಶಗಣದ ಹಾಡುಗಳಲ್ಲಿ ಅಕ್ಷರ ಎಳೆದಷ್ಟು ಎಳೆಯುವುದಿಲ್ಲವೆ, ಹಾಗೆ. ಭಾನುವಾರ ಇಳಿದುಹೋಗಿ ವಿಜಯೋತ್ಸಾಹದಿಂದ ಇದನ್ನು ವಿವರಿಸಿದೆ. ಸುಬೇದಾರರು ಕೇಳಿ, “ಸರಿ ಇರಬಹುದು. ನಮ್ಮ ಬ್ಯಾಂಡಿನಲ್ಲಿ ಹೇಳ್ತಿದ್ದದ್ದು ಬೇರೆ. ಮಾರ್ಚಿನಲ್ಲಿ ಕಾಲು ನೆಲಕ್ಕೆ ಬೀಳುತ್ತೆ. ಜಾಝಿನಲ್ಲಿ ಬೀಳೋ ಮೊದಲು ಕಾಲು ಒಂದು ಸಲ ಯೋಚನೆ ಮಾಡುತ್ತೆ” ಎಂದರು. ನನ್ನ ಪ್ರಸ್ತಾರವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಬ್ಲೂಸಿನಲ್ಲಿ ಮಾತ್ರ ನಾನೇ ಗೆದ್ದೆ. ಬ್ಲೂಸ್ ಹಾಡಿನ ಸಾಮಾನ್ಯ ಕಟ್ಟು ಮೂರು ಸಾಲು. ಮೊದಲ ಸಾಲನ್ನು ಹಾಡಿ ಅದನ್ನೇ ಮತ್ತೆ ಹಾಡುತ್ತಾರೆ, ಮೂರನೆಯದರಲ್ಲಿ ಉತ್ತರ. ನಾಲ್ಕು ಎಣಿಕೆಯ ಮನೆಗಳು ಒಟ್ಟು ಹನ್ನೆರಡು, ಸಾಲಿಗೆ ನಾಲ್ಕು; ಹಾಡುವವನು ಅರ್ಧದಲ್ಲಿ ನಿಲ್ಲಿಸಿದರೆ ಉಳಿದರ್ಧದಲ್ಲಿ ಗಿಟಾರು ಸೊಲ್ಲು ಹಿಡಿಯುತ್ತದೆ. ಇದು ಯಾರ ಚಹರೆ? ನಮ್ಮ ತ್ರಿಪದಿಯದು! ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿನ ಮೇಲೆ ನಿಂತದ್ದು, ಸರ್ವಜ್ಞನ ಬಾಯಲ್ಲಿ ಊರೂರು ತಿರುಗಿದ್ದು, ಬೀಸುವ ಕಲ್ಲಿನ ಮುಂದೆ ಹೆಂಗಸರ ಕೊರಳಲ್ಲಿ ಉಳಿದದ್ದು. ಅದೂ ಮೂರು ಸಾಲು. ಹಾಡುವಾಗ ಒಂದು ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಬ್ಲೂಸಿನಲ್ಲಿ ಮೊದಲನೆಯದು, ನಮ್ಮಲ್ಲಿ ಎರಡನೆಯದು, ಅಷ್ಟೆ ವ್ಯತ್ಯಾಸ. ಕೈಗೆ ದುಡಿಮೆ ಇದ್ದು ಬಾಯಿಗೆ ಬಿಡುವಿದ್ದವರು ಎಲ್ಲಿದ್ದರೂ ಹೀಗೆಯೇ ಕಟ್ಟುತ್ತಾರೋ ಏನೋ. ಅವರಿಂದ ಇವರು ಕಲಿತರೆಂದು ನಾನು ಹೇಳುತ್ತಿಲ್ಲ. ಅಂಥ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆಯುವ ವಯಸ್ಸು ದಾಟಿದೆ.

ಬ್ಲೂಸಿನಲ್ಲಿ ಮೊದಲು ಹೂಮಳೆ ಎನ್ನಿಸಿಕೊಂಡದ್ದು ‘662’ ಎಂಬ ಪ್ಲೇಟು. 2021ರದು, ಮಾರನೆಯ ವರ್ಷ ಗ್ರ್ಯಾಮಿ ಬಹುಮಾನವೂ ಬಂತು. ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಾಮ್ ಎಂಬ ತರುಣ, 1999ರಲ್ಲಿ ಹುಟ್ಟಿದವನು, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಊರಿನವನು. ಹತ್ತಿ ಬೆಳೆಯುವ ಆ ಸೀಮೆ ಬ್ಲೂಸಿನ ತವರು. ಹೆಸರಿನ ಅರ್ಥವೇನು? ಊರಿನ ಟೆಲಿಫೋನ್ ಸಂಖ್ಯೆಯ ಮೊದಲ ಅಂಕೆಗಳಷ್ಟೆ. ನಾವು ನಮ್ಮ ಹಾಡಿಗೆ ‘08272’ ಎಂದು ಹೆಸರಿಟ್ಟ ಹಾಗೆ. ಸುಬೇದಾರರಿಗೆ ಇದು ಬಹಳ ಹಿಡಿಸಿತು. “ಮಡಿಕೇರಿ ಬಿಟ್ಟು ಇಪ್ಪತ್ತೆಂಟು ವರ್ಷ ಇದ್ದೆ. ಆ ನಂಬರು ತಿರುಗಿಸೋಕೆ ಅಂಚೆ ಕಚೇರಿ ಮುಂದೆ ಎಷ್ಟು ಕ್ಯೂ ನಿಂತಿದ್ದೀನಿ” ಎಂದರು. ಪ್ಲೇಟು ಹಾಕಿದೆ. ಆಗಲೇ ಅವರು ಅಂಗೈಯನ್ನು ಸ್ಪೀಕರಿನ ಪೆಟ್ಟಿಗೆಯ ಮೇಲಿಟ್ಟು ಕೂರುವುದನ್ನು ನಾನು ಮೊದಲು ನೋಡಿದ್ದು. ನಾಡಿ ನೋಡುವ ಪಂಡಿತರ ಹಾಗೆ.

2025ರ ಜುಲೈ 30ರಂದು ಬಡ್ಡಿ ಗೈ ಎಂಬ ಹಿರಿಯನ ಪ್ಲೇಟು ಬಂತು. ಬಂದದ್ದು ಆತನ ಎಂಬತ್ತೊಂಬತ್ತನೆಯ ಹುಟ್ಟುಹಬ್ಬದ ದಿನ. ಹೆಸರು ‘ಏಂಟ್ ಡನ್ ವಿತ್ ದ ಬ್ಲೂಸ್’. ಬ್ಲೂಸಿನ ಋಣ ಇನ್ನೂ ಹರಿದಿಲ್ಲ ಎಂದು ನಾನು ಕನ್ನಡಿಸಿದೆ. ಲೂಸಿಯಾನದಲ್ಲಿ ಗೇಣಿದಾರರ ಮಗನಾಗಿ ಹುಟ್ಟಿ, ಹತ್ತಿ ಬಿಡಿಸುತ್ತ, ಸಿಕ್ಕಿದ ತಂತಿ ಕಟ್ಟಿ ತಾನೇ ವಾದ್ಯ ಮಾಡಿಕೊಂಡು ನುಡಿಸಲು ಕಲಿತವನು. 1957ರಲ್ಲಿ ಶಿಕಾಗೋ ಸೇರಿದ. ನಾವು ಆ ಪ್ಲೇಟು ಹಾಕಿದ್ದು ಆಗಸ್ಟ್ 3ರ ಭಾನುವಾರ, ಕಕ್ಕಡ ಹದಿನೆಂಟು. ಮದ್ದುಸೊಪ್ಪು ಅಂದು ಹದಿನೆಂಟು ಬಗೆಯ ಔಷಧಿಯ ಗುಣ ತಾಳುತ್ತದೆಂಬ ನಂಬಿಕೆ. ಅದರ ರಸದಲ್ಲಿ ಬೇಯಿಸಿದ ನೇರಳೆ ಬಣ್ಣದ ಪಾಯಸ ಎಲ್ಲ ಮನೆಗಳಲ್ಲಿ. ಹೊರಗೆ ಮಳೆ, ಒಳಗೆ ಒಲೆಯ ಹೊಗೆ, ಪಾಯಸದ ವಾಸನೆ, ಎಂಬತ್ತೊಂಬತ್ತರ ಮುದುಕನ ಗಿಟಾರು, ಅದನ್ನು ಅಂಗೈಯಲ್ಲಿ ಕೇಳುತ್ತಿರುವ ಎಂಬತ್ತೆರಡರ ಮುದುಕರು. ಮೊದಲೆರಡು ಹಾಡಿಗೆ ನಾನು ಒಂದಕ್ಷರ ವಿವರಿಸಲಿಲ್ಲ. “ಕೊರಳು ನಡುಗುತ್ತಾ?” ಎಂದು ಕೇಳಿದರು. “ಸ್ವಲ್ಪ. ಕೈ ನಡುಗೋದಿಲ್ಲ” ಎಂದೆ. “ಹೂಂ” ಎಂದರು.

ನಡುವೆ ಒಂದು ಮಾತು. ಆ ಸಂಗೀತ ಹುಟ್ಟಿದ್ದು ತೋಟಗಳ ಕೂಲಿ ಸಾಲುಗಳಲ್ಲಿ, ಗುಲಾಮಗಿರಿಯ ಮಕ್ಕಳ ಬಾಯಲ್ಲಿ. ನಮ್ಮದೂ ತೋಟದ ನಾಡು. ಇಲ್ಲಿಯೂ ಲೈನ್‌ಮನೆಗಳಿವೆ, ತಲೆಮಾರುಗಳ ಕಾಲ ಜೀತದಲ್ಲಿದ್ದ ಯರವರಿದ್ದಾರೆ. ಜೀತವನ್ನು ಕಾನೂನು ಅಳಿಸಿದ್ದು 1976ರಲ್ಲಿ. ಸಂಜೆ ಲೈನ್‌ಮನೆಯ ಕಡೆಯಿಂದ ಹಾಡು ಕೇಳಿಬಂದದ್ದನ್ನು ನಾನೂ ಕೇಳಿದ್ದೇನೆ. ಕಿಟಕಿ ಮುಚ್ಚಿ ಉತ್ತರಪತ್ರಿಕೆ ತಿದ್ದಿದ್ದೇನೆ. ಮಿಸಿಸಿಪಿಯ ಕೂಲಿಯ ಹಾಡು ಪ್ಲೇಟಾಗಿ ಮಡಿಕೇರಿಗೆ ಬರುವಾಗ, ಮೂರು ಮೈಲಿ ಆಚೆಯ ಹಾಡು ಬರಲಿಲ್ಲ. ಇದನ್ನು ಸುಬೇದಾರರಿಗೂ ಹೇಳಿದೆ. ಅವರಿಗೂ ತೋಟವುಂಟು, ಉತ್ತರ ಹೇಳಲಿಲ್ಲ.

ರಾಕ್ ಎಂದರೆ ನನಗೆ ಇಂದಿಗೂ ಅಷ್ಟಕ್ಕಷ್ಟೆ. ಆದರೂ ಒಂದು ಪ್ಲೇಟನ್ನು ಧೈರ್ಯವಾಗಿ ಹೆಸರಿಸುತ್ತೇನೆ. ರೋಲಿಂಗ್ ಸ್ಟೋನ್ಸ್ ತಂಡದವರ ‘ಹ್ಯಾಕ್ನಿ ಡೈಮಂಡ್ಸ್’, 2023ರ ಅಕ್ಟೋಬರಿನದು. ಸ್ವಂತ ಹಾಡುಗಳ ಹೊಸ ಪ್ಲೇಟು ಮಾಡಿ ಹದಿನೆಂಟು ವರ್ಷವಾಗಿತ್ತಂತೆ, ಹಾಡುವಾತನಿಗೆ ಎಂಬತ್ತು. ಲಂಡನ್ನಿನ ಪೋಲಿಭಾಷೆಯಲ್ಲಿ ಆ ಹೆಸರಿಗೆ, ಕಾರಿನ ಗಾಜು ಒಡೆದು ಕದ್ದ ಮೇಲೆ ಬೀದಿಯಲ್ಲಿ ಉಳಿಯುವ ಚೂರುಗಳು ಎಂದು ಅರ್ಥ. ಡ್ರಮ್ಮು ನುಡಿಸುತ್ತಿದ್ದ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡ. ಅದಕ್ಕೆ ಮೊದಲು ಮುದ್ರಿಸಿಟ್ಟಿದ್ದ ಆತನ ಕೈ ಇದರಲ್ಲಿ ಎರಡು ಹಾಡಿನಲ್ಲಿ ಮಾತ್ರ ಇದೆ. ವಾಟ್ಸ್ ಮನಸ್ಸಿನಲ್ಲಿ ಜಾಝಿನವನು. ಆತನದೊಂದು ವಿಚಿತ್ರ ಅಭ್ಯಾಸವೆಂದರೆ, ನಡುವಿನ ದೊಡ್ಡ ಪೆಟ್ಟು ಬೀಳುವಾಗ ತಾಳದ ತಟ್ಟೆಯ ಮೇಲಿನ ಇನ್ನೊಂದು ಕೈಯನ್ನು ಎತ್ತಿಬಿಡುತ್ತಿದ್ದುದು. ಆದ್ದರಿಂದ ಆ ಪೆಟ್ಟಿನ ಸುತ್ತ ಒಂದಿಷ್ಟು ಬಯಲು. ಸುಬೇದಾರರಿಗೆ ತಾಳದ ತಟ್ಟೆ ಹೇಗೂ ಕೇಳಿಸುವುದಿಲ್ಲ. “ಯಾವೆರಡು ಅಂತ ಹೇಳಬೇಡಿ” ಎಂದು ಕೈಯಿಟ್ಟು ಕುಳಿತರು. ಎರಡರಲ್ಲಿ ಒಂದನ್ನು ಸರಿಯಾಗಿ ಹಿಡಿದರು. ಇನ್ನೊಂದನ್ನು ತಪ್ಪಿದ್ದಕ್ಕೆ ನಾನು ಸಮಾಧಾನ ಹೇಳಹೋದರೆ ಸಿಟ್ಟುಬಂತು. ಪ್ಲೇಟಿನ ಕೊನೆಯಲ್ಲಿ, ಉಳಿದವರೆಲ್ಲ ಎದ್ದುಹೋದ ಹಾಗೆ, ಇಬ್ಬರೇ ಮುದುಕರು ಮಡ್ಡಿ ವಾಟರ್ಸನ 1950ರ ಒಂದು ಬ್ಲೂಸನ್ನು ಹಾಡುತ್ತಾರೆ; ಅರವತ್ತು ವರ್ಷದ ಹಿಂದೆ ತಂಡಕ್ಕೆ ಹೆಸರು ಸಿಕ್ಕಿದ್ದು ಆ ಹಾಡಿನಿಂದಲೇ. ರಾಕ್ ಬೇಡ ಎನ್ನುವವರು ಅದೊಂದನ್ನು ಕೇಳಿದರೂ ಸಾಕು.

ಕನ್ನಡದಲ್ಲಿಯೂ ಈ ಬಗೆ ಉಂಟೆ ಎಂದು ಕೇಳಿದವರಿಗೆ ಮೈಸೂರಿನ ರಘು ದೀಕ್ಷಿತರ 2008ರ ಮೊದಲ ಪ್ಲೇಟನ್ನು ನಾನು ಹೇಳುತ್ತೇನೆ. ಶಿಶುನಾಳ ಶರೀಫರ ಪದ ಗಿಟಾರಿನ ಮೇಲೆ ಕೂತೀತೆ ಎಂಬ ಅನುಮಾನ ನನಗಿತ್ತು. ಶರೀಫರು ಎಲ್ಲಿ ಬೇಕಾದರೂ ಕೂರುತ್ತಾರೆ.

ಜಾಝಿನ ಕಡೆ ಬಂದರೆ, ಹೊಸದು ಎಂಬ ಮಾತಿಗೆ ಅಲ್ಲಿ ಅರ್ಥವೇ ಬೇರೆ. ಜಾನ್ ಕಾಲ್ಟ್ರೇನ್ 1963ರ ಮಾರ್ಚ್ 6ರಂದು ನುಡಿಸಿದ್ದು 2018ರಲ್ಲಿ ‘ಹೊಸ’ ಪ್ಲೇಟಾಗಿ ಬಂತು. ಕಂಪನಿಯ ಮೂಲ ಟೇಪು ಕಳೆದಿತ್ತು. ಮನೆಗೆಂದು ಕೊಟ್ಟ ಪ್ರತಿ ಆತನ ಮೊದಲ ಹೆಂಡತಿಯ ಕುಟುಂಬದವರಲ್ಲಿ ಉಳಿದಿತ್ತು. ನಮ್ಮಲ್ಲಿ ತಾಳೆಗರಿ ಸಿಕ್ಕಿದ ಹಾಗೆಯೇ. ಇನ್ನು ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’, 2023ರದು, ನಲವತ್ತಾರು ವರ್ಷದ ಮೇಲೆ ಸ್ಟುಡಿಯೋದಿಂದ ಬಂದದ್ದು. ಗಿಟಾರಿಗೆ ಕಂಜಿರವೂ ತಬಲವೂ ಕೂಡಿದ್ದರಿಂದ ಸುಬೇದಾರರ ಅಂಗೈಗೆ ಹಬ್ಬ. ಮರುವರ್ಷ ಡಿಸೆಂಬರಿನಲ್ಲಿ ಜಾಕಿರ್ ಹುಸೇನರು ಹೋದರು. ಆ ವಾರ ಅದನ್ನೇ ಮತ್ತೊಮ್ಮೆ ಹಾಕಿದೆವು.

ಸ್ಯಾಕ್ಸೊಫೋನಿನ ವಿಷಯದಲ್ಲಿ ಕನ್ನಡ ನಾಡಿಗೂ ಜಾಝಿಗೂ ಹಳೆಯ ಕೊಡುಕೊಳೆ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮರುಳಾಗಿ, ಅದರಲ್ಲಿ ಗಮಕ ಹೊರಡಿಸಿದರು. ಬಾಸ್ಟನ್ನಿನ ಚಾರ್ಲಿ ಮರಿಯಾನೊ ಅದೇ ವಾದ್ಯವನ್ನು ಹಿಡಿದು ಬೆಂಗಳೂರಿಗೆ ಬಂದು, ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಕೂಡಿದ. 1983ರಲ್ಲಿ ‘ಜ್ಯೋತಿ’ ಎಂಬ ಪ್ಲೇಟು ಬಂತು. ಆತ ನಾಗಸ್ವರವನ್ನೂ ಕಲಿತಿದ್ದ. ಇದನ್ನು ಕೇಳಿದ ಮೇಲೆ ಸುಬೇದಾರರಿಗೆ, ನಮ್ಮ ಮದುವೆಗಳ ಓಲಗದವರನ್ನೂ ಯಾರಾದರೂ ಹೀಗೆ ಕೂರಿಸಿಕೊಳ್ಳಬಾರದಿತ್ತೆ ಎಂಬ ಕೊರಗು.

ಈ ದಾರಿಯಲ್ಲೇ ರುದ್ರೇಶ್ ಮಹಾಂತಪ್ಪ ಸಿಕ್ಕಿದರು. ಕರ್ನಾಟಕದಿಂದ ಹೋದ ಮನೆತನ, ಹುಟ್ಟಿದ್ದು 1971ರಲ್ಲಿ ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ, ವಾದ್ಯ ಸ್ಯಾಕ್ಸೊಫೋನು. ಕದ್ರಿಯವರೊಡನೆ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಪ್ಲೇಟು ಮಾಡಿದರು. ನಾನು ಹೇಳಹೊರಟದ್ದು ಅದಕ್ಕಿಂತ ಹಿಂದಿನ, 2004ರ ‘ಮದರ್ ಟಂಗ್’ ಎಂಬುದನ್ನು, ತಾಯ್ನುಡಿ. ನೀವು ‘ಇಂಡಿಯನ್’ ಮಾತಾಡುತ್ತೀರಾ, ‘ಹಿಂದೂ’ ಮಾತಾಡುತ್ತೀರಾ ಎಂದು ಅಮೆರಿಕದಲ್ಲಿ ಕೇಳುವುದುಂಟಂತೆ. ಅಂಥ ಪ್ರಶ್ನೆಗೆ ಅಲ್ಲಿಯ ಭಾರತೀಯರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನು ಸ್ವರಕ್ಕೆ ಸ್ವರವಾಗಿ ಬರೆದು, ಅದರಿಂದ ಸಂಗೀತ ಕಟ್ಟಿದ್ದಾರೆ. ಗುಜರಾತಿ ಎಂಬುದು ಒಂದು ಕೃತಿಯ ಹೆಸರು, ಕೊಂಕಣಿ ಒಂದು, ತಮಿಳು ಒಂದು. ಒಂದರ ಹೆಸರು ‘ಕನ್ನಡ’.

ಶನಿವಾರ ರಾತ್ರಿ ಆ ಹೆಸರನ್ನು ಫೋನಿನಲ್ಲಿ ಕಂಡಾಗ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಆದರೆ ಮೂರು ಸಲ ಕೇಳಿದರೂ ನನಗೆ ಅದರಲ್ಲಿ ಕನ್ನಡ ಸಿಕ್ಕಲಿಲ್ಲ. ಸ್ಯಾಕ್ಸೊಫೋನು, ಪಿಯಾನೋ, ಬೇಸ್, ಡ್ರಮ್ಮು ಎಂದು ನಾಲ್ಕು ಜನ ಇದ್ದಾರೆ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಅಕ್ಷರವಿಲ್ಲ, ವ್ಯಂಜನವಿಲ್ಲ, ವಿಭಕ್ತಿಯಿಲ್ಲ. ಕನ್ನಡದ ಎಂ.ಎ. ಇಲ್ಲಿ ಪ್ರಯೋಜನಕ್ಕೆ ಬರಲಿಲ್ಲವೆಂದು ಕಾಗದದ ಮೇಲೆ ಬರೆದುಕೊಂಡು ಮಲಗಿದೆ.

ಬೆಳಗ್ಗೆ ಮೂರು ಕುಟ್ಟು ಬಂತು. ಈಚೆಗೆ ಸುಬೇದಾರರಿಗೆ ನಡುವಿನ ಶ್ರುತಿಗಳೂ ಮಂಕಾಗುತ್ತಿವೆ. ನಾನು ಪಕ್ಕದಲ್ಲಿ ಕುಳಿತು, ಕಾನೊವರನ ಹಾಗೆ, ಬಿಡಿಸಿ ಬಿಡಿಸಿ ಮಾತಾಡಬೇಕು. ಯಂತ್ರ ಕಿತ್ತಿಡುವ ಮೊದಲೇ ಎಲ್ಲವನ್ನೂ ಹೇಳಿದೆ: ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಬರೆದುಕೊಂಡ ರೀತಿ, ಕೃತಿಯ ಹೆಸರು. “ಆದರೆ ಇದರಲ್ಲಿ ಕನ್ನಡ ಎಲ್ಲಿದೆ ಅಂತ ನನಗೆ ತಿಳೀಲಿಲ್ಲ, ಸುಬೇದಾರರೆ. ಇಂಚು ಕೊಡೋಕ್ಕಾಗೋದಿಲ್ಲ” ಎಂದು ಒಪ್ಪಿಕೊಂಡೆ. ಅವರು ಯಂತ್ರವನ್ನು ಮೇಜಿನ ಮೇಲಿಟ್ಟು, ಒಂದು ಕೈಯನ್ನು ಸ್ಪೀಕರಿನ ಮೇಲಿಟ್ಟು, ಕಿವಿಯನ್ನೂ ಅದಕ್ಕೆ ತಾಗಿಸಿದರು. ಮುಗಿಯಿತು. “ಇನ್ನೊಂದು ಸಲ” ಎಂದು ಬೆರಳೆತ್ತಿದರು. ಹಾಕಿದೆ. ಮೂರನೆಯ ಸಲವೂ ಹಾಕಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ನಿಮಗೆ ತಿಳಿಯೋದಿಲ್ಲ. ನೀವೆಲ್ಲ ಮಾತಾಡಿದರೆ ಈಗ ನನಗೆ ಕೇಳೋದು ಹೀಗೇ.”

ನನಗೆ ಮಾತು ಹೊರಡಲಿಲ್ಲ. ಹೊರಟಿದ್ದರೂ ಯಂತ್ರ ಮೇಜಿನ ಮೇಲಿತ್ತು. ಅವರು ಬೆರಳಿನಿಂದ ಮತ್ತೆ ಎಂದು ಸನ್ನೆ ಮಾಡಿದರು. ನಾಲ್ಕನೆಯ ಸಲ ‘ಕನ್ನಡ’ ಶುರುವಾಯಿತು. ಈ ಸಲ ಕೋಣೆ ತುಂಬುವಷ್ಟು ಗಟ್ಟಿಯಾಗಿ ಇಟ್ಟೆ. ನಾನೂ ನನ್ನ ಕೈಯನ್ನು ಸ್ಪೀಕರಿನ ಇನ್ನೊಂದು ಪಕ್ಕಕ್ಕೆ ಇಟ್ಟು, ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ, ಸುಬೇದಾರರು ನನ್ನ ಮೊಣಕೈ ತಟ್ಟಿ, ಊರುಗೋಲನ್ನು ಮಹಡಿಯ ಕಡೆ ತೋರಿಸಿದರು.

“ಏಳಿ ಮೇಷ್ಟ್ರೇ. ಮೇಲೆ ನಿಮ್ಮ ಮನೆಯವರು ಆಗಿನಿಂದ ಊಟಕ್ಕೆ ಕರೀತಿದ್ದಾರೆ.”